ಬೊಗಳದ ಅಲ್ಸೇಶಿಯನ್

1986ರ ಸೆಪ್ಟೆಂಬರಿನ ಒಂದು ರಾತ್ರಿ ಅಣ್ಣಿಗೇರಿಯಲ್ಲಿ ನಮ್ಮ ಕಾಕಾ ಅವರ ಮನೆ ಹಿತ್ತಲಿನ ಗೋದಾಮಿನಿಂದ ಹೆಸರುಕಾಳಿನ ಮೂರು ಚೀಲಗಳು ಕಳುವಾದವು. ಬಾಗಿಲ ಕೊಂಡಿ ಮುರಿದಿತ್ತು. ಅದೇ ಬಾಗಿಲ ಮುಂದೆ ಬಿಟ್ಟಿದ್ದ ಅಲ್ಸೇಶಿಯನ್ ನಾಯಿ ಬೊಗಳಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಕಾಳಿನ ವ್ಯಾಪಾರಿ. ಕಾಲೇಜಿಗೆಂದು ನಾನು ಅವರ ಮನೆಯಲ್ಲಿದ್ದೆ. ನಾಯಿಯನ್ನು ಅವರು ಹುಬ್ಬಳ್ಳಿಯ ನಿವೃತ್ತ ಸೈನಿಕರೊಬ್ಬರಿಂದ ಮರಿಯಾಗಿ ತಂದಿದ್ದರು. ಅದು ಓಣಿಯ ನಾಯಿಗಳಂತೆ ಕಂಡಕಂಡವರಿಗೆ ಬೊಗಳುತ್ತಿರಲಿಲ್ಲ. ಹೊಸಬರು ಬಂದರೆ ಎದ್ದು ದಾರಿಗೆ ಅಡ್ಡ ನಿಲ್ಲುತ್ತಿತ್ತು. ಆಮೇಲೂ ಹೆಜ್ಜೆ ಮುಂದಿಟ್ಟರೆ ಮಾತ್ರ ಅದರ ದನಿ ಕೇಳುತ್ತಿತ್ತು. ಮೈಮೇಲೆ ಎರಡು ಪದರ ಕೂದಲು. ದಿನಾ ಬಾಚದಿದ್ದರೆ ಕಾಳಿನ ಚೀಲಗಳ ಮೇಲೆಲ್ಲ ಉದುರುತ್ತಿತ್ತು. ಬೇಸಿಗೆಯಲ್ಲಿ ಗೋಣಿತಟ್ಟು ತೋಯಿಸಿ ಹಾಸಬೇಕಿತ್ತು. ಉಂಡ ಕೂಡಲೇ ಓಡಿಸುವಂತಿರಲಿಲ್ಲ. ಇದಕ್ಕೆಲ್ಲ ಒಬ್ಬ ಆಳು ಇದ್ದ. ಅವನ ಸಂಸಾರ ಆ ಪಗಾರದ ಮೇಲೆಯೇ ನಡೆಯುತ್ತಿತ್ತು.

ಬೆಳಗಿನ ರೊಟ್ಟಿಯನ್ನು ಮಾತ್ರ ಕಾಕಾ ತಾವೇ ಹಾಕುತ್ತಿದ್ದರು. ಪೂಜೆ ಮುಗಿಸಿ, ವಿಭೂತಿ ಹತ್ತಿದ ಕೈಯಿಂದಲೇ ಜೋಳದ ರೊಟ್ಟಿ ಮುರಿದು ಹಾಲಿಗೆ ಕಲಸುವರು.

ಕಳವು ಗೊತ್ತಾದ ಬೆಳಿಗ್ಗೆ ಕಾಕಾ ಹಿತ್ತಲೆಲ್ಲ ತಿರುಗಾಡಿದರು. ಬಣವೆಯ ಹಿಂದೆ ಕೋಳಿಮೊಟ್ಟೆಯ ಸಿಪ್ಪೆಗಳು ಸಿಕ್ಕವು.

"ಏನಲೇ ಇದು? ನನ್ನ ಹಿತ್ತಲದಾಗ ತತ್ತಿ?"

"ದನದ ಡಾಕ್ಟರ್ ಹೇಳಿದ್ರಲ್ರಿ ಸಾವ್ಕಾರ್ರ, ನಾಯಿ ಎಲಬು ಗಟ್ಟಿ ಆಗಬೇಕಂದ್ರ ತತ್ತಿ ಹಾಕ್ರಿ ಅಂತ," ಎಂದ ಆಳು. "ನಮ್ಮನಿ ಕೋಳಿವು."

"ಬ್ಯಾಡ ಅಂತ ಅವತ್ತ ಹೇಳಿದ್ನಿಲ್ಲೋ? ತತ್ತಿ ತಿನ್ನಿಸಿ ನಾಯೀನ್ನ ಕೈವಶ ಮಾಡ್ಕೊಂಡಿ. ಅದಕ್ಕ ಅದು ಬೊಗಳಿಲ್ಲ."

"ತತ್ತಿ ಕದ್ದು ಹಾಕೇನ್ರಿ. ಚೀಲಾ ಕದ್ದಿಲ್ರಿ."

ಸುದ್ದಿ ಕೇಳಿ ನೆರೆದ ಓಣಿಯ ಮಂದಿ ಕಾಕಾ ಮಾತಿಗೇ ತಲೆಯಾಡಿಸಿತು. ಸಂಜೆಯೊಳಗೆ ಚೀಲ ತರದಿದ್ದರೆ ಕೆಲಸ ಹೋದಂತೆಯೇ ಎಂದೂ ಪೊಲೀಸರಿಗೆ ಹೇಳುವುದಾಗಿಯೂ ಕಾಕಾ ಗದರಿಸಿದರು.

ಆಗ ಅಡುಗೆಮನೆಯ ಬಾಗಿಲಿಗೆ ಕಾಕಾ ಅವರ ಹೆಂಡತಿ, ನಮ್ಮ ಕಾಕಿ, ಬಂದರು.

"ಬೊಗಳಿಲ್ಲಂದ್ರ ಇವನ ಕಳ್ಳ ಅಂತ ಹೆಂಗ ಅಂತೀರಿ? ವಿಭೂತಿ ಹಚ್ಚಿದವ್ರಿಗೆ ನಮ್ಮ ನಾಯಿ ಶರಣು ಅಂತೈತಿ ಅಂತ ಅಂಗಡ್ಯಾಗ ಕುಂತು ಊರಿಗೆಲ್ಲಾ ಹೇಳಿದವ್ರು ನೀವ ಅಲ್ರಿ?"

"ಅದು ಚ್ಯಾಷ್ಟಿಗೆ ಅಂದಿದ್ದು."

"ಹಂಗಾರ ನೋಡೇ ಬಿಡೂಣು."

ಆ ಮಾತನ್ನು ಅಂಗಡಿಯಲ್ಲಿ ನಾನೂ ಕೇಳಿದ್ದೆ. ತಮಾಷೆ ಎಂದೇ ತಿಳಿದಿದ್ದೆ.

ಕಾಕಿ ಪೇಟೆಯಿಂದ ಇಬ್ಬರು ಹಮಾಲರನ್ನು ಕರೆಸಿದರು. ಇಬ್ಬರೂ ಆ ಹಿತ್ತಲಿಗೆ ಹಿಂದೆ ಬಂದವರಲ್ಲ. ಒಬ್ಬನ ಹಣೆಗೆ, ಕೈಗೆ ವಿಭೂತಿ ಹಚ್ಚಿಸಿದರು.

"ಕಡದ್ರ ಹೊಟ್ಟಿಗೆ ಸೂಜಿ ಯಾರ ಚುಚ್ಚಸ್ಕೋಬೇಕ್ರಿ, ಅಕ್ಕಾರ?" ಎಂದ ಬರಿಹಣೆಯವನು.

"ನಿನ್ನ ಕಡದ್ರ ನಾಯಿಗೇ ಸೂಜಿ ಬೇಕಾಗ್ತೈತಿ, ನಡಿಯೋ," ಎಂದ ಇನ್ನೊಬ್ಬ.

ಬರಿಹಣೆಯವನು ಮೊದಲು ಹೋದ. ನಾಯಿ ಎದ್ದು ಅಡ್ಡ ನಿಂತಿತು. ಬೆನ್ನಿನ ಕೂದಲು ನಿಮಿರಿತು. ಇನ್ನೊಂದು ಹೆಜ್ಜೆಗೆ ಅದು ಬೊಗಳಿದ ರೀತಿಗೆ ಅವನು ಗೋಡೆಗೆ ಅಂಟಿಕೊಂಡ. ಆಳು ನಾಯಿಯ ಕೊರಳಪಟ್ಟಿ ಹಿಡಿದು ಅವನನ್ನು ಬಿಡಿಸಿದ. ಎರಡನೆಯವನು ಬಂದಾಗ ನಾಯಿ ಅವನ ಅಂಗೈ ಮೂಸಿ ನೋಡಿ, ಬಾಲ ಅಲ್ಲಾಡಿಸಿ, ಗೋದಾಮಿನ ಬಾಗಿಲ ಬದಿಗೆ ಸರಿದು ಮಲಗಿತು.

ಇದರಿಂದ ಆಳು ಕದ್ದಿಲ್ಲ ಎಂದು ಸಾಬೀತಾಗಲಿಲ್ಲ. ನಾಯಿ ಸುಮ್ಮನಿದ್ದುದಕ್ಕೆ ಅವನೇ ಕಾರಣವಾಗಬೇಕಿಲ್ಲ ಎಂದಷ್ಟೇ ಗೊತ್ತಾಯಿತು.

ಅಂದು ಸೋಮವಾರ. ನೆರೆದಿದ್ದ ಹೆಚ್ಚಿನವರ ಹಣೆಯಲ್ಲಿ ವಿಭೂತಿ ಇತ್ತು. ಕಾಕಾ ಒಬ್ಬೊಬ್ಬರ ಹಣೆಯನ್ನೂ ನೋಡುತ್ತ ಬಂದರು. ಮೂಲೆಯಲ್ಲಿದ್ದ ಒಂದಿಬ್ಬರು ಏನೋ ಕೆಲಸ ಹೇಳಿಕೊಂಡು ಹೊರಟರು. ಕಾಕಾ ಅವರ ಬೆನ್ನನ್ನೂ ನೋಡಿದರು.

"ನಾಳೆ ಬರ್ಲೇನ್ರಿ, ಬ್ಯಾಡೇನ್ರಿ?" ಎಂದು ಆಳು ಕೇಳಿದ.

"ಬಾ."

"ತತ್ತಿ?"

ಕಾಕಾ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಕಾಕಿ ಅಲ್ಲೇ ನಿಂತಿದ್ದರು.

"ಹಿತ್ತಲದಾಗ ಅಷ್ಟ. ಸಿಪ್ಪಿ ಮಾತ್ರ ಇಲ್ಲಿ ಬಿಡಬ್ಯಾಡ."

ಮರುದಿನದಿಂದ ಕಾಕಾ ವಿಭೂತಿಯ ಕೈ ತೊಳೆದುಕೊಂಡು ನಾಯಿಗೆ ರೊಟ್ಟಿ ಹಾಕತೊಡಗಿದರು. ನಾಯಿ ಸಾಯುವವರೆಗೂ ಆಳು ಆ ಕೆಲಸದಲ್ಲೇ ಇದ್ದ. ಚೀಲಗಳು ಸಿಗಲಿಲ್ಲ.