ಪಂಪ್ ಸಾಹೇಬರು ಪಂಪು ಬಿಚ್ಚಿದ್ದು

ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೊಂದು ವರ್ಷ ಪಂಪುಗಳ ಮೇಲ್ವಿಚಾರಣೆ ಮಾಡಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಪಂಪ್ ಸಾಹೇಬರು ಎಂದೇ ಕರೆಯುತ್ತಿದ್ದರು. ಅವರ ಮೇಲ್ವಿಚಾರಣೆಯ ಕ್ರಮ ಬಲು ಸರಳ. ಪಂಪ್‌ಹೌಸಿನ ಹೊಸ್ತಿಲಲ್ಲಿ ನಿಂತು ಕಿವಿಗೊಡುವುದು, ಹುಬ್ಬು ಗಂಟಿಕ್ಕುವುದು, "ಬೇರಿಂಗ್ ನೋಡಿ" ಎನ್ನುವುದು, ರಿಜಿಸ್ಟರಿನಲ್ಲಿ ಸಹಿ ಹಾಕಿ ಜೀಪು ಹತ್ತುವುದು. ಹತ್ತರಲ್ಲಿ ನಾಲ್ಕು ಸಲ ಬೇರಿಂಗೇ ಹೋಗಿರುತ್ತಿತ್ತು. ಉಳಿದ ಆರು ಸಲ ಮೆಕ್ಯಾನಿಕ್‌ಗಳು ಬೇರೇನನ್ನೋ ಸರಿಮಾಡಿ, "ನೀವು ಹೇಳಿದ್ದೇ ಸರಿ ಸಾರ್" ಎನ್ನುತ್ತಿದ್ದರು. ಬೀಳ್ಕೊಡುಗೆಯ ದಿನ ಅವರನ್ನು "ಪಂಪಿನ ನಾಡಿ ಬಲ್ಲವರು" ಎಂದು ಹೊಗಳಿದಾಗ ಸಾಹೇಬರು ತಾವೇ ನಂಬಿಬಿಟ್ಟರು.

ನಿವೃತ್ತಿಯ ಎರಡನೆಯ ವರ್ಷ ಮಗಳು ನಡುಮನೆಗೆ ಮೀನಿನ ತೊಟ್ಟಿ ತಂದಿಟ್ಟಳು. ಏಳು ಕೆಂಪು ಮೀನು, ಮೂಲೆಯಲ್ಲಿ ನೀರು ಸೋಸಿ ಬಿಡುವ ಹಿಡಿಗಾತ್ರದ ಪಂಪು. ನಾಲ್ಕು ತಿಂಗಳು ಅದು ತನ್ನ ಪಾಡಿಗೆ ತಾನು ನಡೆಯಿತು. ಐದನೆಯ ತಿಂಗಳು ಗೊರಗೊರ ಅನ್ನತೊಡಗಿತು. ನೀರಿನ ಧಾರೆ ನೂಲಿನಷ್ಟಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಕಳೆದವು.

"ಅಪ್ಪ, ಸ್ವಲ್ಪ ನೋಡಪ್ಪ," ಎಂದಳು ಮಗಳು, ಕೆಲಸಕ್ಕೆ ಹೊರಡುವ ಆತುರದಲ್ಲಿ ಚಪ್ಪಲಿ ಮೆಟ್ಟುತ್ತ. "ಮನೇಲೇ ಪಂಪ್ ಸಾಹೇಬ್ರಿರೋವಾಗ ನಾನ್ಯಾಕೆ ಅಂಗಡಿ ಅಲೀಲಿ?"

ಸಾಹೇಬರು ಎರಡು ಹೆಜ್ಜೆ ದೂರ ನಿಂತು ಕಿವಿಗೊಟ್ಟರು. "ಬೇರಿಂಗ್," ಎಂದರು.

ಮಗಳು ಹೋದಳು. ನೋಡಲು ಮೆಕ್ಯಾನಿಕ್ ಯಾರೂ ಇರಲಿಲ್ಲ.

ಕೊನೆಗೆ ಪ್ಲಗ್ ಕಿತ್ತು, ತೊಟ್ಟಿಕ್ಕುವ ಪಂಪನ್ನು ಚೀಲಕ್ಕೆ ಹಾಕಿಕೊಂಡು ಮೀನಿನ ಅಂಗಡಿಗೆ ನಡೆದರು. "ಪಕ್ಕದ ಮನೆಯವ್ರದು. ಬೇರಿಂಗ್ ಹೋಗಿದೆ," ಎಂದು ಅಂಗಡಿಯಾಕೆಯ ಮುಂದಿಟ್ಟರು.

"ಇದ್ರಲ್ಲಿ ಬೇರಿಂಗೇ ಇರಲ್ಲ ಸಾರ್. ಪಾಚಿ ಕಟ್ಟಿದೆ. ಯಾವಾಗ ತೊಳೆದಿದ್ರು?"

"ತೊಳೆಯೋದಾ?"

ಆಕೆ ಅವರ ಒದ್ದೆ ತೋಳನ್ನೊಮ್ಮೆ ನೋಡಿದಳು. "ಹಾಗಾದ್ರೆ ಪಕ್ಕದ ಮನೆಯವ್ರಿಗೆ ಹೇಳಿ ಸಾರ್. ಮುಚ್ಚಳ ತೆಗೆದು ಒಳಗಿನ ಚಕ್ರ ಎಳೆದು, ಹಳೇ ಬ್ರಷ್‌ನಲ್ಲಿ ಉಜ್ಜಬೇಕು. ಸ್ಪಾಂಜನ್ನ ತೊಟ್ಟಿ ನೀರಲ್ಲೇ ಹಿಂಡಬೇಕು, ಸೋಪು ಮುಟ್ಟಿಸಬಾರ್ದು. ಹೆದರ್ಕೋಬೇಡಿ ಅಂತಾನೂ ಹೇಳಿ."

ಬಚ್ಚಲಲ್ಲಿ ಮಣೆ ಹಾಕಿ, ಬಕೆಟ್ಟಿಗೆ ತೊಟ್ಟಿಯ ನೀರು ತುಂಬಿಕೊಂಡು ಸಾಹೇಬರು ಕುಳಿತರು. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಉಗುರು ಮುರಿಯಿತು. ಕಡೆಗೆ ಟಪ್ಪೆಂದು ಹಾರಿದಾಗ ಹಸಿರು ಲೋಳೆ ಮೂಗಿನವರೆಗೆ ಚಿಮ್ಮಿತು. ಚಕ್ರವೋ, ಎಳೆದರೆ ಒಳಕ್ಕೇ ಜಗ್ಗುತ್ತಿತ್ತು.

ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದು ಆಗ. ಸಾಹೇಬರು ತಲೆ ಎತ್ತಲಿಲ್ಲ.

"ನಿನಗೊಂದು ಮಾತು ಹೇಳ್ಬೇಕು ಕಣೇ. ನಾನು ಇಡೀ ಸರ್ವೀಸಲ್ಲಿ ಒಂದೇ ಒಂದು ಪಂಪನ್ನೂ ಬಿಚ್ಚಿಲ್ಲ."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅಷ್ಟು ವರ್ಷ ನಿಮ್ಮ ಅಂಗಿ ಒಗೆದೋಳು ನಾನು. ಒಂದಿನಾನಾದ್ರೂ ಗ್ರೀಸಿನ ಕಲೆ ಇತ್ತೇನ್ರೀ?"

ಸಾಹೇಬರ ಕಿವಿ ಕೆಂಪಾಯಿತು. ಆಕೆ ಸೆರಗು ಸಿಕ್ಕಿಸಿ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಹೂಂ, ನಾನು ಹಿಡ್ಕೋತೀನಿ, ಎಳೀರಿ. ಅಯಸ್ಕಾಂತ ಅದು, ಬಿಗಿ ಇರತ್ತೆ."

ಚಕ್ರ ಬಂತು. ಅದರ ಸುತ್ತ ಪಾಚಿಯ ಮುದ್ದೆ, ಅದರೊಳಗೆ ಮಗಳದೋ ಹೆಂಡತಿಯದೋ ಒಂದು ಉದ್ದ ಕೂದಲು. ಸಾಹೇಬರು ಉಜ್ಜಿ ತೊಳೆದು, ಬೆರಳಿನಿಂದ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಊರಿಗೆಲ್ಲ ನೀರು ಎತ್ತಿದ್ದೂ ಇಂಥದೇ ಒಂದು ಚಕ್ರ ಎಂದು ಅವರಿಗೆ ಹೊಳೆದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಬಚ್ಚಲಮನೆಯಲ್ಲಿ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿಯೇ ಒಂದು ಗುಲಗಂಜಿ ಹೆಚ್ಚು.

ನೀರಿಗಿಳಿಸಿ ಪ್ಲಗ್ ಹಾಕಿದರು. ಪಂಪು ಎರಡು ಗುಳ್ಳೆ ಉಗುಳಿ, ಆಮೇಲೆ ಸದ್ದಿಲ್ಲದೆ ಧಾರೆ ಬಿಟ್ಟಿತು. ಮೀನುಗಳು ಕೆಳಗಿಳಿದವು.

ಅಂದಿನಿಂದ ಸಾಹೇಬರಿಗೆ ಹೊಸ ಹುಚ್ಚು ಹಿಡಿದಿದೆ. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಬ್ರಷ್ ಕೊಡುತ್ತಾರೆ. ಕಳೆದ ವಾರ ಹೆಂಡತಿಯ ತಮ್ಮ, "ಊಟ ಮಾಡಿ ನೋಡೋಣ ಭಾವ," ಎಂದು ಕೈಮುಗಿದರೂ ಬಿಡಲಿಲ್ಲ. ಹಿಂದಿನ ದಿನವಷ್ಟೇ ತೊಳೆದಿದ್ದ ಪಂಪನ್ನು ಆತ ಮತ್ತೆ ತೊಳೆದು, ಅಂಗಿಯೆಲ್ಲ ತೋಯಿಸಿಕೊಂಡು ಉಣ್ಣಲು ಕೂತ.