ದೊಡ್ಡ ಗೇಟಿನ ಗ್ಯಾನಮ್ಮ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಮೇಲೆ ಹೆಣ್ಣುಮಕ್ಕಳ ಡಿಗ್ರಿ ಕಾಲೇಜೊಂದಿದೆ. ಅದರ ದೊಡ್ಡ ಗೇಟಿನ ಹೊರಗೆ, ಬೇವಿನ ಗಿಡದ ಬುಡದಲ್ಲಿ ಕೂತು ಗ್ಯಾನಮ್ಮ ಮಿರ್ಚಿ ಬಜ್ಜಿ ಕರಿಯುತ್ತ, ಮಂಡಕ್ಕಿಯ ಮಂಡಾಳು ಕಲಸಿಕೊಡುತ್ತಿದ್ದಳು. ಗಂಡ ಅಂಬಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನು ತೀರಿಕೊಂಡ ವರ್ಷವೇ ಅವಳು ಇಲ್ಲಿ ಒಲೆ ಹೂಡಿದಳು.

ಬೆಳಿಗ್ಗೆ ಓಡುತ್ತ ಒಳಗೆ ಹೋಗುವ ಹುಡುಗಿಯರು ಯಾರೂ ನಿಲ್ಲುವುದಿಲ್ಲ. ಅವಳ ವ್ಯಾಪಾರವೆಲ್ಲ ಸಂಜೆಯದು. ಗಂಟೆ ಹೊಡೆಯಿತೆಂದರೆ ಹಸಿದ ಗುಂಪು ಗೇಟಿನಿಂದ ಹೊರಬಿದ್ದು, "ಆಯಿ, ನನಗ ಮೊದ್ಲು," "ಆಯಿ, ಮಂಡಾಳಕ್ಕ ಉಳ್ಳಾಗಡ್ಡಿ ಜಾಸ್ತಿ ಹಾಕು," ಎಂದು ಒಲೆಯ ಸುತ್ತ ಕವಿಯುತ್ತಿತ್ತು. ಗ್ಯಾನಮ್ಮನ ಮಗಳು ಭಾಗ್ಯ ಏಳನೇ ತರಗತಿಯ ನಡುವೆ ಶಾಲೆ ಬಿಟ್ಟು ಭತ್ತದ ನಾಟಿಗೆ ಹೋದವಳು. ಈಗ ಗುರುಗುಂಟಾದ ಗಂಡನ ಮನೆಯಲ್ಲಿ ಕುರಿ ಕಾಯುತ್ತಾಳೆ. ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡೇ ಬಾಯಿ ತುಂಬ ತಿನ್ನುವ ಈ ಹುಡುಗಿಯರನ್ನು ನೋಡಲಿಕ್ಕೆಂದೇ ಗ್ಯಾನಮ್ಮ ಜ್ವರ ಬಂದ ದಿನವೂ ಬಂದು ಕೂತದ್ದುಂಟು.

ಆ ಸಂಜೆಗಳು ನಿಂತದ್ದು ಒಂದು ಭಾಷಣದಿಂದ.

ಹೊಸ ಹುಡುಗಿಯರ ಸ್ವಾಗತದ ದಿನ, ಇಂಗ್ಲಿಷ್ ಕಲಿಸುವ ಹನುಮಂತರಾಯ ಸರ್ ಮೈಕು ಹಿಡಿದು ಅಮೆರಿಕದ ಕಾಲೇಜುಗಳ ಮೋಜಿನ ಸಂಗತಿಗಳನ್ನು ಹೇಳಿದರು. ಅಲ್ಲಿ ಒಂದು ಕಾಲೇಜಿನಲ್ಲಿ ಕಂಚಿನ ಮೂರ್ತಿಯ ಬೂಟು ಉಜ್ಜಿದರೆ ಅದೃಷ್ಟವಂತೆ. ಉಜ್ಜಿ ಉಜ್ಜಿ ಬೂಟಿನ ತುದಿ ಬಂಗಾರದ ಹಾಗೆ ಹೊಳೆಯುತ್ತದಂತೆ. ಇನ್ನು ಕೆಲವು ಕಡೆ ಪರೀಕ್ಷೆ ಬಂತೆಂದರೆ ಹುಡುಗರೆಲ್ಲ ಒಟ್ಟಿಗೆ ಸೇರಿ ಗಂಟಲು ಹರಿಯುವಂತೆ ಕಿರುಚುತ್ತಾರಂತೆ. ಮತ್ತೊಂದು ಕಾಲೇಜಿಗೆ ದೊಡ್ಡ ಕಬ್ಬಿಣದ ಗೇಟಿದೆಯಂತೆ. ಅದರಿಂದ ಒಳಗೆ ಬರಬಹುದು, ಡಿಗ್ರಿ ಮುಗಿಯುವ ಮೊದಲು ಹೊರಗೆ ಹೋಗುವ ಹಾಗಿಲ್ಲ. ಹೋದವರು ಪಾಸಾಗುವುದಿಲ್ಲ ಅಂತ ಅಲ್ಲಿಯವರ ನಂಬಿಕೆ. ವಿಮಾನ ಮಾಡುವ ದೇಶದವರೂ ಇದನ್ನೆಲ್ಲ ನಂಬುತ್ತಾರೆ ನೋಡಿ ಎಂದು ಸರ್ ನಕ್ಕರು. ಸಭೆಯೂ ನಕ್ಕಿತು. ಮೈಕಿನ ಮಾತು ಗೋಡೆಯಾಚೆ ಕೇಳಿಸಿ ಗ್ಯಾನಮ್ಮನೂ ನಕ್ಕಳು.

ಕಾಲೇಜಿನಲ್ಲಿ ಮೂರ್ತಿ ಇರಲಿಲ್ಲ. ಹುಡುಗಿಯರು ಬೋರಿಂಗ್ ಪಂಪಿನ ಹಿಡಿಕೆ ಉಜ್ಜಿದರು. ಹಾಸ್ಟೆಲಿನವರು ಕಿರುಚಿ ವಾರ್ಡನ್ನಿಂದ ಬೈಸಿಕೊಂಡರು. ಅವೆರಡೂ ಕೆಲವು ದಿನದ ಆಟವಾಗಿ ಮುಗಿದವು. ಗೇಟಿನದು ಮಾತ್ರ ಮುಗಿಯಲಿಲ್ಲ. ದೊಡ್ಡ ಗೇಟಿನಿಂದಲೇ ಹೊರಗೆ ಹೋಗುತ್ತಿದ್ದ ಇಬ್ಬರು ಮೊದಲ ಪರೀಕ್ಷೆಯಲ್ಲೇ ಫೇಲಾದರು. ಹಿಂದಿನ ಸಣ್ಣ ಗೇಟಿನಿಂದ ಹೋದವರಲ್ಲೂ ಫೇಲಾದವರಿದ್ದರು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಜೆಯ ಗುಂಪೆಲ್ಲ ಸಣ್ಣ ಗೇಟಿಗೆ ತಿರುಗಿತು. ಬಸ್ಸು ನಿಲ್ಲುವುದೂ ಅಲ್ಲೇ. ತಿರುಗಿ ಗೋಡೆ ಸುತ್ತಿ ಮಿರ್ಚಿಗೆ ಯಾರು ಬರುತ್ತಾರೆ?

ಆ ಸಣ್ಣ ಗೇಟಿನ ಹತ್ತಿರ ಪೇರಲಹಣ್ಣು ಮಾರುವ ಗುಲ್ಷನ್‌ಬೀ ಒಂದು ದಿನ ತಾನೇ ನಡೆದು ಬಂದಳು.

"ಗ್ಯಾನಕ್ಕ, ಒಲಿ ಎತ್ಕೊಂಡು ನನ್ನ ಬಾಜೂಕ ಬಾ. ಜಾಗಾ ಭಾಳ ಐತಿ."

"ನಿನ್ನ ಗಿರಾಕಿ ನಾ ಯಾಕ ಕಸ್ಕೊಳ್ಳಲೆವ್ವ?"

"ಅಯ್ಯ, ಅವು ನಿನ್ನ ಗಿರಾಕಿನೇ ನನ್ನ ಕಡೆ ಬಂದಾವು. ದಿನಾ ನನಗ ನಾಚಿಕಿ ಆಗಾಕತ್ತೈತಿ."

ಗ್ಯಾನಮ್ಮ ಹೋಗಲಿಲ್ಲ. ಅದಕ್ಕೆ ಕಾರಣ ಭಾರತಿ.

ಭಾರತಿ ಆ ವರ್ಷವೇ ಕಾಲೇಜು ಸೇರಿ, ಬಳಗಾನೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿ. ಅವಳೊಬ್ಬಳೇ ಸಂಜೆ ದೊಡ್ಡ ಗೇಟಿಗೆ ಬರುತ್ತಿದ್ದಳು. ಆದರೆ ಹೊರಗೆ ಕಾಲಿಡುತ್ತಿರಲಿಲ್ಲ. ಒಳಗೇ ನಿಂತು ಕಂಬಿಯ ಸಂದಿಯಿಂದ ಕೈ ಚಾಚುತ್ತಿದ್ದಳು. ವಾಚ್‌ಮನ್ ಮುಕ್ತಿಯಾರ್‌ಗೆ ಅದನ್ನು ನೋಡಿ ನಗು.

"ಜೇಲಿನ್ಯಾಗ ಭೇಟಿ ಮಾಡಿದಂಗ ಕಾಣ್ತೀರಿ ಇಬ್ರೂ."

"ಹೌದು ಚಾಚಾ, ಮೂರು ವರ್ಷ ಸಜಾ," ಎಂದು ಭಾರತಿ ಬಿಸಿ ಮಿರ್ಚಿ ಊದುತ್ತಿದ್ದಳು.

"ಹೊರಗ ಬಾರಬೇ," ಎಂದಳು ಗ್ಯಾನಮ್ಮ ಒಮ್ಮೆ. "ಕಲ್ಲಿನ ಮ್ಯಾಲ ಕುಂತು ತಿನ್ನು. ಗೇಟು ಏನು ಮಾಡ್ತೈತಿ?"

"ಏನೂ ಮಾಡಂಗಿಲ್ಲ ಆಯಿ, ನನಗೂ ಗೊತ್ತೈತಿ. ಆದ್ರ ಫೇಲಾದ್ರ ನಮ್ಮಪ್ಪ ಮದಿವಿ ಮಾಡಿಬಿಡ್ತಾನ. ಮತ್ತ ಗೇಟಿನ ಕೂಡ ಯಾಕ ಜಗಳ?" ಆಮೇಲೆ ನಗುವುದನ್ನು ಬಿಟ್ಟು ಹೇಳಿದಳು: "ಪಾಸಾದ ದಿನ ಎಲ್ಲಾರ್ನೂ ಕರಕೊಂಡು ಇದೇ ಗೇಟಿನಿಂದ ಬರ್ತೀನಿ. ಮೊದ್ಲನೇ ಮಿರ್ಚಿ ನೀನೇ ನನ್ನ ಬಾಯಾಗ ಇಡಬೇಕು. ಅಲ್ಲೀತನ ನೀ ಈ ಜಾಗಾ ಬಿಡಬ್ಯಾಡ."

"ಬಿಡಂಗಿಲ್ಲ ಹೋಗು."

ಮಾತು ಕೊಟ್ಟ ಮೇಲೆ ಗ್ಯಾನಮ್ಮ ಅಲ್ಲೇ ಕೂತಳು. ಕಲಸಿದ ಹಿಟ್ಟು ಎಷ್ಟೋ ಸಲ ಉಳಿದು ಹುಳಿಯಾಯಿತು. ದಾರಿಹೋಕರು, ಲಾರಿಯವರು ತಿಂದದ್ದರಲ್ಲಿ ಅವಳ ಊಟ ನಡೆಯಿತು.

ಮೂರನೇ ವರ್ಷದ ಪರೀಕ್ಷೆ ಬಂತು. ಒಬ್ಬೊಬ್ಬರ ಕೊನೆಯ ಪೇಪರು ಒಂದೊಂದು ದಿನ. ಮುಗಿದವರು ಮುಗಿದ ಹಾಗೆ ಸಣ್ಣ ಗೇಟಿನಿಂದ ಬಸ್ಸಿಗೆ ಓಡಿದರು. ಫಲಿತಾಂಶ ಬಂದಿಲ್ಲವಲ್ಲ, ದೊಡ್ಡ ಗೇಟಿನಿಂದ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಭಾರತಿಯೂ ಕಡೆಕಡೆಗೆ ಕಾಣಲಿಲ್ಲ. ಓದಿನ ಅವಸರವೆಂದು ಗ್ಯಾನಮ್ಮ ತಿಳಿದಳು.

ಫಲಿತಾಂಶದ ದಿನ ಅವಳು ಗಿಡದ ಬುಡದ ಕಲ್ಲು ತೊಳೆದಳು. ಹಿಟ್ಟು ಜಾಸ್ತಿ ಕಲಸಿದಳು. ಹೊತ್ತು ನೆತ್ತಿಗೇರಿತು, ಗೇಟು ಮುಚ್ಚಿಯೇ ಇತ್ತು.

"ಯಾರಿಗೆ ಕಾಯಾಕತ್ತಿ ಆಯಿ?" ಎಂದ ಮುಕ್ತಿಯಾರ್. "ರಿಜಲ್ಟ್ ಮೊಬೈಲಿನ್ಯಾಗ ಬಂದೈತಿ. ಅವರವರ ಊರಾಗ ಅವರು ನೋಡ್ಕೊಂಡಾರ. ಇಲ್ಲಿಗೆ ಯಾಕ ಬರ್ತಾರ?"

ಅಷ್ಟರಲ್ಲಿ ಏನೋ ಕೆಲಸಕ್ಕೆ ಬಂದ ಹನುಮಂತರಾಯ ಸರ್ ಗಾಡಿ ನಿಲ್ಲಿಸಿದರು. ಗ್ಯಾನಮ್ಮ ಎದ್ದು ನಿಂತು ಕೇಳಿದಳು: "ಸರ್, ಆ ದೇಶದಾಗ ಪಾಸಾದವರು ಗೇಟಿನಿಂದ ಯಾವಾಗ ಹೊರಗ ಬರ್ತಾರ್ರೀ?"

ಸರ್‌ಗೆ ಆ ಭಾಷಣ ನೆನಪಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. "ಅಲ್ಲಿ ಒಂದು ದಿನ ಅಂತ ಇಟ್ಟಿರ್ತಾರ ಆಯಿ. ಕರಿ ನಿಲುವಂಗಿ ಹಾಕ್ಕೊಂಡು, ಅಪ್ಪ-ಅವ್ವನ್ನ ಕರಿಸಿ, ಎಲ್ಲಾರೂ ಕೂಡೇ ಬರ್ತಾರ."

"ನಮ್ಮಲ್ಲಿ ಆ ದಿನ ಯಾವುದ್ರೀ?"

ಸರ್ ಗೇಟಿನ ಕಡೆ ನೋಡಿದರು. "ನಮ್ಮಲ್ಲಿ ಅಂಥ ದಿನ ಇಲ್ಲ," ಎಂದರು. ಹೆಲ್ಮೆಟ್ಟು ಕೈಯಲ್ಲೇ ಹಿಡಿದುಕೊಂಡು, "ಅದು ಸುಮ್ನ ಮೋಜಿಗೆ ಹೇಳಿದ್ದು," ಎಂದರು.

ಗ್ಯಾನಮ್ಮ ಅವರಿಗೂ ಎರಡು ಮಿರ್ಚಿ ಕಟ್ಟಿಕೊಟ್ಟಳು. ಒಲೆ ಮಾತ್ರ ಆರಿಸಲಿಲ್ಲ. ಭಾರತಿ ಬರುತ್ತೇನೆ ಅಂದಿದ್ದಳು.

ಮುಂದಿನ ವಾರ ಒಂದು ಬೆಳಿಗ್ಗೆ ದೊಡ್ಡ ಗೇಟು ಕಿರುಗುಟ್ಟಿ ತೆರೆಯಿತು. ಒಳಗಿನಿಂದ ಭಾರತಿ ನೇರ ಅವಳ ಕಡೆಗೇ ನಡೆದು ಬಂದಳು. ಗ್ಯಾನಮ್ಮನಿಗೆ ಕಂಡದ್ದು ತೆರೆದ ಗೇಟು, ಅದರ ನಡುವೆ ಆ ಹುಡುಗಿ, ಅಷ್ಟೇ.

"ಪಾಸಾದೇನಬೇ ನನ್ನ ಬಂಗಾರ!" ಎಂದು ಎಣ್ಣೆಯಿಂದ ಮಿರ್ಚಿ ಎತ್ತಿದಳು.

ಹತ್ತಿರ ಬಂದ ಮೇಲೆ ಕಾಲುಂಗುರ ಕಂಡವು, ಆಮೇಲೆ ಕೊರಳಿನ ತಾಳಿ. ಹಿಂದೆ ಒಬ್ಬ ಹುಡುಗ ಬೈಕು ತಳ್ಳಿಕೊಂಡು ಬರುತ್ತಿದ್ದ.

"ಇಲ್ಲ ಆಯಿ. ಕಡೀ ಪೇಪರಿಗೆ ಕುಂದ್ರಲಿಲ್ಲ. ಅವತ್ತು ಮನ್ಯಾಗ ಅರಿಷಿಣ ಇತ್ತು. ಈಗ ಟಿಸಿ ಒಯ್ಯಾಕ ಸಣ್ಣ ಗೇಟಿನಿಂದ ಒಳಗ ಬಂದಿದ್ವಿ."

"ಫೇಲಾದ್ರ ಮದಿವಿ ಅಂದಿದ್ಯಲ್ಲಬೇ?"

"ಫೇಲಾಗೂತನ ಅವರು ಕಾಯಲಿಲ್ಲ."

"ಬಿಟ್ಟ ಪೇಪರು ತಿರುಗಿ ಬರಿಯಾಕ ಬರ್ತೈತಂತಲ್ಲ?"

"ಗಂಡನ ಮನ್ಯಾಗ ಕೇಳೀನಿ. ನೋಡೂಣು ಅಂದಾರ."

ಭಾರತಿ ಮೊದಲ ಸಲ ಆ ಕಲ್ಲಿನ ಮೇಲೆ ಕೂತಳು. ಗ್ಯಾನಮ್ಮ ಮಿರ್ಚಿ ಮುರಿದು, ಆರಿಸಿ, ಅವಳ ಬಾಯಿಗಿಟ್ಟಳು. ಅವಳು ನಿಧಾನವಾಗಿ ಪೂರ್ತಿ ತಿಂದಳು.

"ಲಗೂನ ಬಾ," ಎಂದ ಗಂಡ ದುರುಗೇಶ, ಕೆಟ್ಟ ದನಿಯಲ್ಲೇನಲ್ಲ. "ಬಿಸಿಲೇರೂದ್ರಾಗ ಲಿಂಗಸುಗೂರು ಮುಟ್ಟಬೇಕು."

ಗಾಡಿ ಮಸ್ಕಿಯ ಕಡೆ ಹೋಯಿತು. ಮುಕ್ತಿಯಾರ್ ಗೇಟು ಮುಚ್ಚಿದ.

ಮರುದಿನ ಗ್ಯಾನಮ್ಮ ಒಲೆ ಎತ್ತಿಕೊಂಡು ಸಣ್ಣ ಗೇಟಿಗೆ ಹೋದಳು. ಗುಲ್ಷನ್‌ಬೀ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು.

ಕಾಲೇಜು ಮತ್ತೆ ಶುರುವಾದ ಮೇಲೆ ಒಂದು ಸಂಜೆ, ಹೊಸ ಹುಡುಗಿಯೊಬ್ಬಳು ಮಿರ್ಚಿ ತಿನ್ನುತ್ತ ಗೆಳತಿಯನ್ನು ಕೇಳಿದಳು: "ದೊಡ್ಡ ಗೇಟಿನಿಂದ ಯಾಕ ಹೋಗಬಾರದಲೇ?"

"ಹ್ವಾದ್ರ ಪಾಸಾಗಂಗಿಲ್ಲಂತ. ಹೌದಲ್ಲ ಆಯಿ?"

ಗ್ಯಾನಮ್ಮ ಇನ್ನೊಂದು ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು.

"ನೀ ಪರೀಕ್ಷಿ ಎಲ್ಲಾ ಬರಿಯವ್ವ," ಎಂದಳು. "ಕಡೀದೂ ಬರಿ."