ಮುಚ್ಚಳ ಎತ್ತಿ ಹಿಡಿದ ಕೈ

ಪುಟ್ಟಸ್ವಾಮಣ್ಣ ನೆಲದಡಿಯ ನೀರನ್ನು ಕಿವಿಯಿಂದ ಹುಡುಕುತ್ತಿದ್ದರು. ವಾಲ್ವ್ ತಿರುಗಿಸಲು ಅವರ ಹತ್ತಿರ ಎದೆಮಟ್ಟದ ಕಬ್ಬಿಣದ ಸಲಾಕೆಯೊಂದಿತ್ತು. ತಲೆಗೆ ಅಡ್ಡ ಹಿಡಿ ಬೆಸೆದದ್ದು. ಅದನ್ನು ರಸ್ತೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಹಿಡಿಗೆ ಕಿವಿಯೊತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಪಕ್ಕದಲ್ಲಿ ಬಸ್ಸು ಹೋದರೂ ಕದಲುತ್ತಿರಲಿಲ್ಲ. ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಕಿವಿ ಇಡುವರು. ಕೊನೆಗೆ ಕಾಲಿನ ಹೆಬ್ಬೆರಳಿಂದ ಮಣ್ಣಿನಲ್ಲಿ ಒಂದು ಗೀಟು ಎಳೆದು "ಇಲ್ಲಿ ಅಗೀರಿ" ಅನ್ನುತ್ತಿದ್ದರು. ಅಗೆದರೆ ಅಲ್ಲೇ ಪೈಪು ಸೋರುತ್ತಿರುತ್ತಿತ್ತು.

ನಾನು ಅವರನ್ನು ಮೊದಲು ನೋಡಿದ್ದು ಹಾಗೆ ನಿಂತಿದ್ದಾಗಲೇ. ಮೈಸೂರಿನಲ್ಲಿ ಪತ್ರಿಕೋದ್ಯಮದ ಎಂ.ಎ.ಗೆ ಸೇರಿ ಹದಿನೈದು ದಿನವಾಗಿತ್ತು. ನಮ್ಮ ವಿಭಾಗದಿಂದ ತಿಂಗಳಿಗೊಮ್ಮೆ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆ ಬರುತ್ತಿತ್ತು; ಕ್ಯಾಂಪಸ್ಸಿನ ಸುದ್ದಿ, ಸುತ್ತಲಿನ ಬಡಾವಣೆಗಳ ಸುದ್ದಿ ಎಲ್ಲ ನಾವೇ ತರಬೇಕು. ಸುದ್ದಿ ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದೆ ನೋಟ್‌ಬುಕ್ಕು ಹಿಡಿದು ಅಲೆಯುತ್ತಿದ್ದೆ. ಗ್ರಂಥಾಲಯದ ರಸ್ತೆಯಲ್ಲಿ ಕಬ್ಬಿಣಕ್ಕೆ ಕಿವಿಗೊಟ್ಟು ನಿಂತವರನ್ನು ಕಂಡು, ಕುಡಿದಿದ್ದಾರೆ ಎಂದುಕೊಂಡು ಬಳಸಿ ಹೋಗಲು ನೋಡಿದೆ. ಅವರು ಕಣ್ಣು ಬಿಟ್ಟರು.

"ಬಾ ಇಲ್ಲಿ ಕೂಸೆ. ಕಿವಿ ಇಡು. ಸುಯ್ ಅಂತದೆ, ಕೇಳುಸ್ತಾ?"

ಕಿವಿ ಇಟ್ಟೆ. ಕಬ್ಬಿಣ ತಣ್ಣಗಿತ್ತು ಅನ್ನುವುದು ಬಿಟ್ಟರೆ ಏನೂ ತಿಳಿಯಲಿಲ್ಲ. ಆದರೂ ಹೂಂ ಹೂಂ ಎಂದು ತಲೆಯಾಡಿಸಿದೆ.

"ಸುಳ್ ಯೋಳ್ಬ್ಯಾಡ ಕಣವ್ವ," ಅಂದರು ಪುಟ್ಟಸ್ವಾಮಣ್ಣ, ಕೋಪವಿಲ್ಲದೆ. "ಕೇಳುಸ್ದೆ ಇದ್ರೆ ಇಲ್ಲ ಅನ್ನು. ಅದ್ರಾಗೇನದೆ? ನೀನು ಸುಳ್ ಯೋಳುವಾಗ ತಲೆ ಬಿರಬಿರ್ನೆ ಆಡುಸ್ತೀಯ."

ನನ್ನ ಮುಖ ಕೆಂಪಾಯಿತು. ಆದರೆ ಆ ಪೈಪಿನ ಸೋರಿಕೆಯೇ ನನ್ನ ಹೆಸರಿನಲ್ಲಿ ಅಚ್ಚಾದ ಮೊದಲ ಸುದ್ದಿ. ಆರು ಸಾಲು. ಊರಿನ ಮನೆಗೆ ಹತ್ತು ಪ್ರತಿ ಕಳಿಸಿದ್ದೆ.

ಪುಟ್ಟಸ್ವಾಮಣ್ಣ ನಂಜನಗೂಡಿನ ಕಡೆಯ ಹಳ್ಳಿಯವರು. ಕ್ಯಾಂಪಸ್ಸಿನ ನೀರು ಬಿಡುವ ಕೆಲಸದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದರು. ಅಷ್ಟೂ ವರ್ಷ ಗುತ್ತಿಗೆ ನೌಕರ. ಗುತ್ತಿಗೆದಾರರು ಬದಲಾಗುತ್ತಿದ್ದರು, ಇವರು ಬದಲಾಗುತ್ತಿರಲಿಲ್ಲ. ಬಲಗೈಯಲ್ಲಿ ಅಗಲವಾದ ಒಂದು ತಾಮ್ರದ ಕಡಗ, ಒಂದು ಮಗ್ಗುಲು ಪೂರಾ ಚಪ್ಪಟೆ. ಹಿಂದೆ ಪಂಪಿನ ಬೆಲ್ಟಿಗೆ ಕೈ ಸಿಕ್ಕಿದಾಗ ಕಡಗ ನಜ್ಜುಗುಜ್ಜಾಗಿ ಮಣಿಕಟ್ಟು ಉಳಿಯಿತಂತೆ. ಈ ಕಥೆಯನ್ನು ಕುಲಪತಿಗಳ ಡ್ರೈವರಿನಿಂದ ಹಿಡಿದು ಕ್ಯಾಂಟೀನಿನಲ್ಲಿ ಲೋಟ ತೊಳೆಯುವವರ ತನಕ ಎಲ್ಲರಿಗೂ ಹೇಳಿದ್ದರು. ಹೇಳುವಾಗ ಕಡಗವನ್ನು ತಿರುಗಿಸಿ ಚಪ್ಪಟೆ ಮಗ್ಗುಲು ತೋರಿಸಲೇಬೇಕು. ನನಗೇ ಮೂರು ಸಲ ತೋರಿಸಿದ್ದರು.

ನಮ್ಮ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದವರು ಇಡೀ ಕ್ಯಾಂಪಸ್ಸಿನಲ್ಲಿ ಅವರೊಬ್ಬರೇ ಇರಬೇಕು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ, ಬೆರಳಿಟ್ಟು ಓದುವರು. ಒಮ್ಮೆ ನಾವು ಮುಖಪುಟದಲ್ಲೇ 'ಕ್ಯಾಂಪಸ್ಸಿನಲ್ಲಿ ಚಿರತೆ ಹೆಜ್ಜೆ' ಎಂದು ದಪ್ಪಕ್ಷರದಲ್ಲಿ ಹಾಕಿದೆವು, ಮಣ್ಣಿನ ಗುರುತಿನ ಫೋಟೊ ಸಮೇತ. ಹಾಸ್ಟೆಲಿನ ಹುಡುಗಿಯರು ಸಂಜೆ ಐದಕ್ಕೇ ಬಾಗಿಲು ಹಾಕಿಕೊಳ್ಳತೊಡಗಿದರು. ಪುಟ್ಟಸ್ವಾಮಣ್ಣ ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನನ್ನನ್ನು ಹುಡುಕಿಕೊಂಡು ಬಂದರು.

"ಯಾರವ್ವಾ ಯೋಳುದ್ದು ಇದು ಚಿರತೆ ಅಂತ? ನೀನ್ ನೋಡುದ್ಯಾ?"

"ಸೆಕ್ಯುರಿಟಿಯವರು ಹೇಳಿದರು, ಅಣ್ಣ."

"ಉಗುರು ನೋಡು ಇಲ್ಲಿ, ಎಂಗೆ ಮೂಡದೆ. ಚಿರತೆ ನಡಿಯವಾಗ ಉಗುರ ಒಳೀಕ್ ಎಳ್ಕತದೆ. ಇದು ನಾಯಿ. ಬಾ ತೋರುಸ್ತೀನಿ."

ಕ್ಯಾಂಟೀನಿನ ಹಿಂದೆ ಕರೆದೊಯ್ದು, ಅಲ್ಲಿ ಇಡ್ಲಿ ತಿಂದು ಹೋರಿಗರುವಿನ ಹಾಗೆ ಬೆಳೆದಿದ್ದ ಕಂದು ನಾಯಿಯನ್ನು ಒದ್ದೆ ಮಣ್ಣಿನ ಮೇಲೆ ನಡೆಸಿ ತೋರಿಸಿದರು. ಅದೇ ಹೆಜ್ಜೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆವು. ಮೇಷ್ಟ್ರು ಎರಡು ಸೆಮಿಸ್ಟರಿನಲ್ಲಿ ಕಲಿಸಲಾರದ್ದನ್ನು ಆ ನಾಯಿ ಕಲಿಸಿತು. ಅಂದಿನಿಂದ ಏನು ಬರೆದರೂ ಮೊದಲು ಪಂಪ್‌ಹೌಸಿಗೆ ಹೋಗಿ ಓದಿ ಹೇಳುವುದು ನನಗೆ ಅಭ್ಯಾಸವಾಯಿತು. ನನ್ನನ್ನು 'ಪೇಪರ್ ಕೂಸು' ಎಂದು ಕರೆಯತೊಡಗಿದರು. ಬಿಸಿಲಲ್ಲಿ ಬಂದರೆ ಒಂದು ಚೊಂಬು ನೀರು ಕೊಡದೆ ಕಳಿಸುತ್ತಿರಲಿಲ್ಲ.

ಎರಡನೇ ವರ್ಷ ಹುಡುಗಿಯರ ಹಾಸ್ಟೆಲಿನಲ್ಲಿ ಕಾಮಾಲೆ ಕಾಣಿಸಿಕೊಂಡಿತು. ನನ್ನ ರೂಮಿನವಳೂ ಹಾಸಿಗೆ ಹಿಡಿದಳು. ಹೊರಗಿನ ಪಾನಿಪುರಿ ತಿಂದು ಬಂದದ್ದು ಎಂದು ಆಫೀಸಿನವರು ಹೇಳಿದರು. ಪುಟ್ಟಸ್ವಾಮಣ್ಣನನ್ನು ಕೇಳಿದೆ. ಅವರು ಮೆಟ್ಟಿಲಿಂದೆದ್ದು ಸುತ್ತ ಒಮ್ಮೆ ನೋಡಿದರು. ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟರು.

"ಮ್ಯಾಲಿನ ಟ್ಯಾಂಕ್ ಮುಚ್ಳ ಒಡ್ದು ಎಷ್ಟೋ ಕಾಲ ಆಯ್ತು. ಮೂರು ಕಿತ ಯೋಳ್ದೆ, ಯಾರೂ ಕಿವೀಗ್ ಹಾಕ್ಕಳಿಲ್ಲ. ಬಾಯಲ್ಲಿ ಯೋಳುದ್ರೆ ನೀನೂ ನಂಬ್ಬ್ಯಾಡ, ಹತ್ತಿ ನೋಡು. ಆದ್ರೆ ನನ್ ಹೆಸ್ರು ಬರ್ಕೂಡ್ದು ಕಣವ್ವ. ಖಾಯಂ ಮಾಡೋ ಪಟ್ಟೀಲಿ ಈ ಸಲ ನನ್ ಹೆಸ್ರದೆ."

"ನಿಮ್ಮ ಹೆಸರು ಬರಲ್ಲ ಅಣ್ಣ. ನನ್ನ ಮೇಲೆ ನಂಬಿಕೆ ಇಡಿ," ಅಂದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಏಣಿ ಹತ್ತಿದೆವು. ಪುಟ್ಟಸ್ವಾಮಣ್ಣ ಒಡೆದ ಮುಚ್ಚಳವನ್ನು ಬಲಗೈಯಿಂದ ಎತ್ತಿ ಹಿಡಿದರು. ಒಳಗೆ ಹಸಿರು ಪಾಚಿ, ಅದರ ಮೇಲೆ ಎರಡು ಸತ್ತ ಪಾರಿವಾಳ. ನಾನು ಫೋನಿನಲ್ಲಿ ಫೋಟೊ ತೆಗೆದೆ. ಕೆಳಗಿಳಿಯುವಾಗ ಅವರು ಮತ್ತೆ ಮತ್ತೆ ರಸ್ತೆಯ ಕಡೆ ನೋಡುತ್ತಿದ್ದರು.

ನಮ್ಮ ಪತ್ರಿಕೆಯ ಪುಟ ಕಟ್ಟುತ್ತಿದ್ದದ್ದು ಲಷ್ಕರ್ ಮೊಹಲ್ಲಾದ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ. ಅನ್ವರ್ ಭಾಯ್ ಕಂಪ್ಯೂಟರಿನ ಮುಂದೆ, ನಾನು ಹಿಂದೆ ಸ್ಟೂಲಿನ ಮೇಲೆ. ಫೋಟೊ ಪರದೆಯ ಮೇಲೆ ಬಂತು. ಎಡಕ್ಕೆ ಪಾಚಿ, ಪಾರಿವಾಳ. ಬಲಮೂಲೆಯಲ್ಲಿ ಮುಚ್ಚಳ ಎತ್ತಿ ಹಿಡಿದ ಒಂದು ಕೈ.

"ಮೇಡಂ, ಈ ಕೈ ಕಟ್ ಮಾಡ್ಲಾ?" ಅಂದರು ಅನ್ವರ್ ಭಾಯ್.

ಈ ಪ್ರಶ್ನೆಯನ್ನು ನಾನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ, ಕಳೆದ ತಿಂಗಳವರೆಗೆ ಯಾರಿಗೂ ಹೇಳಿರಲಿಲ್ಲ. ಮನುಷ್ಯರಿಲ್ಲದ ಫೋಟೊ ಪುಟಕ್ಕೆ ಬೇಡ ಎಂದು ಮೇಷ್ಟ್ರು ಕ್ಲಾಸಿನಲ್ಲಿ ಹೇಳುತ್ತಿದ್ದರು. ಕೈ ತೆಗೆದರೆ ಅದು ಬರೀ ಕೊಳಕು ನೀರಿನ ಚಿತ್ರ. ಕೈ ಇದ್ದರೆ ಯಾರೋ ನಿಮಗಾಗಿ ಸತ್ಯವನ್ನು ತೆರೆದು ತೋರಿಸುತ್ತಿರುವಂತೆ ಕಾಣುತ್ತಿತ್ತು. ನನ್ನ ಫೋಟೊ ನೋಡಿ ನನಗೇ ಹೆಮ್ಮೆ. ಕಡಗ ಕಾಣುತ್ತಿತ್ತು. ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಸರು ಹಾಕಿಲ್ಲವಲ್ಲ, ಮುಖವೂ ಇಲ್ಲವಲ್ಲ ಎಂದು ಮನಸ್ಸಿಗೆ ಒಂದು ಸಮಾಧಾನ ಹೇಳಿ ಮುಗಿಸಿದೆ.

"ಬೇಡ ಭಾಯ್, ಇರಲಿ. ಕೈ ಇದ್ದರೇ ಫೋಟೊಗೆ ಜೀವ," ಅಂದೆ.

ಪತ್ರಿಕೆ ಹೊರಬಿದ್ದ ಮೂರನೇ ದಿನ ಟ್ಯಾಂಕು ತೊಳೆದರು. ಊರಿನ ದೊಡ್ಡ ಪತ್ರಿಕೆಯವರು ನಮ್ಮ ಸುದ್ದಿಯನ್ನೇ ಎತ್ತಿ ಹಾಕಿದರು. ಮೇಷ್ಟ್ರು ಕ್ಲಾಸಿನಲ್ಲಿ ಚಪ್ಪಾಳೆ ಹೊಡೆಸಿದರು. ಚಪ್ಪಾಳೆಯ ಬಿಸಿ ಆರುವ ಮೊದಲೇ ಪತ್ರಿಕೆ ಹಿಡಿದು ಪಂಪ್‌ಹೌಸಿಗೆ ಓಡಿದೆ. ಮೆಟ್ಟಿಲ ಮೇಲೆ ಬೇರೆ ಯಾರೋ ಕೂತಿದ್ದರು. ಪುಟ್ಟಸ್ವಾಮಿಗೆ ಇನ್ನು ಬರಬೇಡ ಎಂದು ನಿನ್ನೆಯೇ ಹೇಳಿದ್ದಾರೆ ಎಂದರು. ಕ್ಯಾಂಪಸ್ಸಿನ ಎಂಜಿನಿಯರು ಯಾರನ್ನೂ ಏನೂ ಕೇಳಲಿಲ್ಲವಂತೆ. ಫೋಟೊದ ಕಡಗದ ಮೇಲೆ ಪೆನ್ನಿನಿಂದ ಒಂದು ಸುತ್ತು ಹಾಕಿ ಗುತ್ತಿಗೆದಾರನ ಮುಂದೆ ಇಟ್ಟರಂತೆ, ಅಷ್ಟೇ.

ವಿದ್ಯಾರಣ್ಯಪುರದಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ಮುಂದೆ ತಗಡಿನ ಚಪ್ಪರ. ನಾನು ಅಳಲು ಶುರು ಮಾಡಿದೆ. ಸಮಾಧಾನ ಮಾಡಬೇಕಾದವಳು ನಾನು, ಮಾಡಿದವರು ಅವರು.

"ಅಳ್ಬ್ಯಾಡ ಕೂಸೆ. ತಪ್ಪು ನಂದೇ. ಏಣಿ ಹತ್ತಕ್ ಮುಂಚೆ ಕಡಗ ಬಿಚ್ಚಿಡ್ಬೇಕಾಗಿತ್ತು, ಗ್ಯಾನ ಬರ್ನಿಲ್ಲ. ಫೋಟೊ ಮಾತ್ರ ಪಸಂದಾಗಿ ಬಂದದೆ."

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ಕೇಳಿದರು ಅಣ್ಣ, ನಾನೇ ಬೇಡವೆಂದೆ ಅನ್ನಲು ಎಷ್ಟು ಹೊತ್ತು ಬೇಕು? ಬಾಯಿಗೆ ಬರಲಿಲ್ಲ. ಅವರ ಹೆಂಡತಿ ಗೌರಮ್ಮ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕಡೆ ತಲೆ ಎತ್ತಲೇ ಇಲ್ಲ. ಆ ತಿಂಗಳ ಕೊನೆಗೆ ಖಾಯಂ ಪಟ್ಟಿ ಬಂತು, ಅವರ ಹೆಸರಿರಲಿಲ್ಲ. ನಾವು ಪತ್ರಿಕೆಯಲ್ಲಿ ಅದನ್ನು ಪ್ರಶ್ನಿಸಿ ಬರೆದೆವು, ಸಹಿ ಸಂಗ್ರಹಿಸಿದೆವು, ಆಫೀಸಿಗೆ ಅಲೆದೆವು. ಏನೂ ಆಗಲಿಲ್ಲ. ವರ್ಷದ ಕೊನೆಗೆ ಆ ವರದಿಗೇ ನನಗೆ ವಿಭಾಗದ ಬಹುಮಾನ ಬಂತು. ವೇದಿಕೆ ಹತ್ತಿ ತೆಗೆದುಕೊಂಡೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಮೈಸೂರಿನದೇ ಒಂದು ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷ ಅವರ ದಾರಿ ತಪ್ಪಿಸಿಕೊಂಡೇ ಓಡಾಡಿದೆ. ವಿದ್ಯಾರಣ್ಯಪುರದ ಸುದ್ದಿ ಇದ್ದರೆ ಬೇರೆಯವರನ್ನು ಕಳಿಸಿ ಎನ್ನುತ್ತಿದ್ದೆ. ಅವರು ಎದುರಾದದ್ದು ಕೃಷ್ಣಮೂರ್ತಿಪುರದಲ್ಲಿ, ಶುದ್ಧ ನೀರಿನ ಕ್ಯಾನು ಮಾರುವ ಅಂಗಡಿಯ ಮುಂದೆ. ಇಪ್ಪತ್ತು ಲೀಟರಿನ ಕ್ಯಾನನ್ನು ಹೆಗಲಿಗೆ ಎತ್ತುತ್ತಿದ್ದರು. ತುಂಬಾ ಸೊರಗಿದ್ದರು. ಬಲಗೈ ಬರಿದಾಗಿತ್ತು.

"ಪೇಪರ್ ಕೂಸು," ಅಂದರು, ಕ್ಯಾನು ಕೆಳಗಿಟ್ಟು. ಮುಖವೆಲ್ಲ ನಗು. ಅಂಗಡಿಯವರಿಗೆ ನನ್ನನ್ನು ತೋರಿಸಿ, ಈ ಮಗು ಟ್ಯಾಂಕು ತೊಳೆಸಿತು, ಎಷ್ಟು ಹೆಣ್ಣುಮಕ್ಕಳ ಜೀವ ಉಳಿಸಿತು ಎಂದು ಹೇಳಿದರು. ನನಗೆ ನಿಂತ ನೆಲ ಸುಡುತ್ತಿತ್ತು. ಆಮೇಲೆ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು.

"ಮೊನ್ನೆ ನನ್ ಮೊಮ್ಮಗ ಫೋನಲ್ಲಿ ತೋರುಸ್ದ ಕಣವ್ವ. ಫೋಟೊನ ಬೆಳ್ಳಲ್ಲಿ ಇಂಗೆ ಎಳುದ್ರೆ ಬ್ಯಾಡದ್ದೆಲ್ಲ ಕತ್ರುಸ್ಕೊಂಡ್ ಹೋಯ್ತದಂತೆ. ಆಗ ಅದು ನಿಂಗೆ ಗೊತ್ತಿರ್ನಿಲ್ಲ, ಅಲ್ವಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಅಣ್ಣ, ಗೊತ್ತಿರಲಿಲ್ಲ," ಅಂದು ತಲೆಯಾಡಿಸಿದೆ.

"ಅದೇ ಅಂದ್ಕಂಡೆ," ಅಂದರು. ಅಂಗಡಿಯೊಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಕುಡಿದು ಹೊರಟೆ.

ಅದೇ ಕೊನೆ. ಆ ಸುಳ್ಳು ಎರಡು ವರ್ಷ ನನ್ನೊಳಗೇ ಸೋರುತ್ತಿತ್ತು. ಕಳೆದ ತಿಂಗಳು ತಡೆಯಲಾರದೆ ಕ್ಯಾನಿನ ಅಂಗಡಿಗೆ ಹೋದೆ, ಎಲ್ಲ ಹೇಳಿಬಿಡಬೇಕೆಂದು. ಅಂಗಡಿಯವರು, ಪುಟ್ಟಸ್ವಾಮಿ ತೀರಿಕೊಂಡು ನಲವತ್ತು ದಿನವಾಯಿತು, ಎದೆನೋವು ಅಂದರು. ಊರಿನ ಸುದ್ದಿಯೆಲ್ಲ ದಿನವೂ ನನ್ನ ಮೇಜಿನ ಮೇಲೆ ಬೀಳುತ್ತದೆ, ಇದೊಂದು ಬಿದ್ದಿರಲಿಲ್ಲ.

ವಿದ್ಯಾರಣ್ಯಪುರಕ್ಕೆ ಹೋದೆ. ಗೌರಮ್ಮ ಅದೇ ಬಾಗಿಲ ಬಳಿ ಕೂತಿದ್ದರು. ಈ ಸಲ ತಲೆ ಎತ್ತಿದರು. ನಾನು ಕೂರಲೂ ಇಲ್ಲ. ಅನ್ವರ್ ಭಾಯ್ ಕೇಳಿದ್ದು, ನಾನು ಬೇಡವೆಂದದ್ದು, ಕಡಗ ಕಂಡಿದ್ದದ್ದು, ಕೃಷ್ಣಮೂರ್ತಿಪುರದಲ್ಲಿ ಅವರ ಕಣ್ಣೆದುರೇ ಸುಳ್ಳು ಹೇಳಿದ್ದು, ಎಲ್ಲವನ್ನೂ ನಿಂತೇ ಹೇಳಿದೆ. ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಗೊತ್ತಿತ್ತು ಕಣವ್ವ ಅವ್ರಿಗೆ," ಅಂದರು. "ಆವತ್ತು ಮನೀಗ್ ಬಂದು ಯೋಳುದ್ರು. ಕೂಸು ತಲೆ ಬಿರಬಿರ್ನೆ ಆಡುಸ್ಬುಡ್ತು ಗೌರಿ, ಫೋಟೊ ಕತ್ರುಸೋದು ಅದ್ಕೆ ಆಗ್ಲೇ ಗೊತ್ತಿತ್ತು ಅಂದ್ರು. ನಾನು ಬೈದೆ ನಿನ್ನ. ಬೈಬ್ಯಾಡ, ಒಂದಿನ ತಾನಾಗೇ ಬಂದ್ ಯೋಳ್ತದೆ ಅಂದ್ರು. ಬಾಗ್ಲಲ್ಲಿ ಯಾರಾದ್ರೂ ಹೆಣ್ಮಕ್ಳ ದನಿ ಕೇಳುದ್ರೆ ಎದ್ದು ನೋಡೋರು."

ನಾನು ಅಲ್ಲೇ ಅವರ ಪಕ್ಕ ಕೂತೆ.

"ಬಂದ್ರೆ ಬರೀ ಬಾಯಲ್ಲಿ ಕಳುಸ್ಬ್ಯಾಡ ಅಂತಾನೂ ಅಂದಿದ್ರು," ಎಂದು ಗೌರಮ್ಮ ಮೊಣಕಾಲು ಹಿಡಿದುಕೊಂಡು ಎದ್ದು, ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟರು.